ಹಕ್ಕಿ ಕಾಯ್ದ ಅಕ್ಕೋರು

ಬೈಲಹೊಂಗಲದಲ್ಲಿ ಅಕ್ಕೋರು ಬಸ್ ಹತ್ತಿದರೆ ಅವರ ತೊಡೆಯ ಮೇಲೆ ಯಾವಾಗಲೂ ಒಂದು ದುಂಡನೆಯ ಗಂಟು. ಹಳೆಯ ಟವೆಲ್ಲಿನಲ್ಲಿ ಸುತ್ತಿದ ಗ್ಲೋಬ್ ಅದು. ಶಾಲೆಯ ಕಪಾಟಿನಲ್ಲಿಟ್ಟಿದ್ದಾಗ ಒಮ್ಮೆ ಇಲಿ ಆಸ್ಟ್ರೇಲಿಯಾದ ಒಂದು ಅಂಚನ್ನು ಕಡಿದುಹಾಕಿತ್ತು. ಅಂದಿನಿಂದ ಅವರು ಅದನ್ನು ದಿನಾ ಮನೆಗೆ ಒಯ್ದು ದಿನಾ ತರುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಪುಕ್ಕಟೆಯಾದ ಹೊಸದರಲ್ಲಿ ಕಂಡಕ್ಟರ್ ಆ ಗಂಟು ತೋರಿಸಿ, "ಅಕ್ಕೋರ, ಭೂಮಿತಾಯಿನೂ ಹೆಣ್ಣ ಅಲ್ಲೇನ್ರಿ? ಆಕಿಗೂ ಒಂದ ಸೊನ್ನಿ ಟಿಕೀಟ್ ಹರೀಲ್ಯಾ?" ಅಂದ. ಬಸ್ಸೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ. "ಹರಿಯಪಾ. ಆದ್ರ ಎಲ್ಲಿಂದ ಎಲ್ಲಿಗೆ ಅಂತ ಬರೀತಿ?" ಎಂದು ಕೇಳಿದರು. ಕಂಡಕ್ಟರ್ ಸೀಟಿ ಊದಿ ಹಿಂದಿನ ಸೀಟುಗಳ ಕಡೆ ಹೋದ.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳೆಲ್ಲರೂ. ಆದರೆ ಸಂಪಗಾಂವದ ಹಾದಿಯಲ್ಲಿರುವ ನಮ್ಮ ಹೈಸ್ಕೂಲಿನ ಊರಲ್ಲಿ ಬರೀ ಅಕ್ಕೋರು ಎಂದರೆ ಸಮಾಜ ಕಲಿಸುತ್ತಿದ್ದ ಅವರೊಬ್ಬರೇ. ನಾನು ಹಿಂದಿ ಅಕ್ಕೋರು. ಅವರ ಬಾಯಲ್ಲಿ ಅದೂ ಉಳಿಯದೆ ಬರೀ "ಹಿಂದಿ" ಆಗಿದ್ದೆ. "ಏ ಹಿಂದಿ, ಚಟ್ನಿ ಪುಡಿ ತಂದೀಯೇನ?" ಅನ್ನುತ್ತಿದ್ದರು. ನಾನು ಕಿತ್ತೂರಿನವಳು, ವಯಸ್ಸಿನಲ್ಲಿ ಅವರಿಗಿಂತ ಬಹಳ ಚಿಕ್ಕವಳು. ನೌಕರಿಗೆ ಸೇರಿದ ದಿನದಿಂದ ಅವರ ಪಕ್ಕದ ಕುರ್ಚಿಯೇ ನನಗೆ ಸಿಕ್ಕಿತು.

ಹೋದ ಜನವರಿಯ ಕೊನೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಐದು ನಿಮಿಷ ಮಾತಾಡಲು ನನಗೂ ಹೇಳಿದ್ದರು. ಹಿಂದಿನ ದಿನವೇ ಅಕ್ಕೋರು ನನ್ನನ್ನು ಬದಿಗೆ ಕರೆದು, "ಬಲಿ ಮಾತ ತಗೀಬ್ಯಾಡ. ಆ ಮನುಷ್ಯಾ ಸಭಾದಾಗ ಕೂತಿರತಾನ," ಅಂದರು. ಆ ಬಲೆಯನ್ನೂ ಬಲೆಯ ಯಜಮಾನನನ್ನೂ ಬಿಟ್ಟು ನಾನು ಗ್ಲೋಬಿನ ಬಗ್ಗೆ, ಅವರ ಶಿಸ್ತಿನ ಬಗ್ಗೆ ನಾಲ್ಕು ಮಾತಾಡಿ ಕುಳಿತೆ. ಈಗ ಆ ಕಥೆ ಬರೆಯುತ್ತೇನೆ ಎಂದಾಗ ಒಪ್ಪಿದ್ದಾರೆ. ತಮ್ಮ ಹೆಸರು ಬೇಡ, ಉಳಿದವರ ಹೆಸರು ಬದಲಿಸು ಅಂದಿದ್ದಾರೆ. ಹೆಸರಿನಿಂದಲೇ ಅಡ್ಡಹೆಸರು ಬಂದ ಒಬ್ಬ ಹುಡುಗಿಯದನ್ನು ಬಿಟ್ಟು ಹಾಗೇ ಮಾಡಿದ್ದೇನೆ.

ಅವರ ತವರು ರಾಮದುರ್ಗ. ತಂದೆ ಪಂಚಾಂಗ ನೋಡುವ ಭಟ್ಟರು. ಭೂಗೋಳದ ಹುಚ್ಚು ಎಲ್ಲಿಂದ ಹತ್ತಿತು ಎಂದು ನಾನು ಒಮ್ಮೆ ಕೇಳಿದಾಗ ಅಕ್ಕೋರು ಹೇಳಿದ್ದರು: "ನಮ್ಮಪ್ಪ ದಿನಾ ಮುಂಜಾನೆ ಪೂಜಾಕ್ಕ ಕೂತು ಸಂಕಲ್ಪ ಮಾಡತಿದ್ದಾ. ಜಂಬೂದ್ವೀಪ, ಭರತವರ್ಷ, ಭರತಖಂಡ, ಗೋದಾವರಿಯ ದಕ್ಷಿಣ ತೀರ. ದೇವರಿಗೆ ದಿನಾ ಮನಿ ಪತ್ತೆ ಯಾಕ ಹೇಳ್ತಾನ, ಅವಗ ಗೊತ್ತಿಲ್ಲೇನು ಅಂತ ನನಗ ಅನಸ್ತಿತ್ತು. ಆಮ್ಯಾಲ ತಿಳೀತು. ಅದು ದೇವರಿಗಲ್ಲ, ತನಗ ತಾನ ಹೇಳಿಕೊಳ್ಳೋದು. ನಾ ಎಲ್ಲಿ ಕೂತೇನಿ ಅಂತ ಗೊತ್ತಿದ್ರ ಮುಂದಿನ ಮಾತು."

ಸಮಾಧಾನದ ಹೆಂಗಸು ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ. ನಿರ್ಧಾರ ಮೊದಲು, ವಿಚಾರ ಆಮೇಲೆ. ಸ್ಟಾಫ್ ರೂಮಿನ ಕಿಟಕಿ ತೆರೆಯುವುದಿಲ್ಲ ಎಂದು ಹೆಡ್ ಮಾಸ್ತರರು ಬಡಿಗನಿಗೆ ಹೇಳಿಕಳಿಸುವಷ್ಟರಲ್ಲಿ ಇವರು ಕಲ್ಲಿನಿಂದ ಕುಟ್ಟಿ ತೆರೆದಿದ್ದರು. ಆ ಕಿಟಕಿ ಈಗಲೂ ಮುಚ್ಚುವುದಿಲ್ಲ.

ಪಾಠ ಮಾತ್ರ ಚೆಂದ. ಖಂಡಗಳ ಪಾಠ ಬಂದರೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಬಾವಿಯ ಹಗ್ಗವನ್ನು ನೆಲದ ಮೇಲೆ ಅಡ್ಡ ಹಾಸುತ್ತಿದ್ದರು. ಹಗ್ಗವೇ ಸಮಭಾಜಕ. ಅತ್ತ ಉತ್ತರ ಗೋಳಾರ್ಧ, ಇತ್ತ ದಕ್ಷಿಣ. ಒಂದೊಂದು ಖಂಡಕ್ಕೆ ಅದರ ಗಾತ್ರಕ್ಕೆ ತಕ್ಕಷ್ಟು ಮಕ್ಕಳು. ಯುರೋಪ್, ಉತ್ತರ ಅಮೆರಿಕಾದವರು ಪೂರ್ತಿ ಮೇಲೆ. ಏಷ್ಯಾದ ದೊಡ್ಡ ಗುಂಪೂ ಮೇಲೆಯೇ. ಒಬ್ಬಿಬ್ಬರು ಮಾತ್ರ ಹಗ್ಗದಾಚೆ ಕಾಲು ಚಾಚಿ ಇಂಡೋನೇಷ್ಯಾದ ನಡುಗಡ್ಡೆಗಳಾಗಬೇಕು. ದಕ್ಷಿಣ ಅಮೆರಿಕಾದವರು ಹೆಚ್ಚಿನ ಪಾಲು ಕೆಳಗೆ. ಆಸ್ಟ್ರೇಲಿಯಾ ಪೂರ್ತಿ ಕೆಳಗೆ. ತರಗತಿಯಲ್ಲಿ ಬಾಯಿ ಮುಚ್ಚದವನನ್ನು ಒಯ್ದು ಅಂಟಾರ್ಕ್ಟಿಕಾದಲ್ಲಿ ನಿಲ್ಲಿಸುತ್ತಿದ್ದರು. ಎಲ್ಲರೂ ನಿಂತ ಮೇಲೆ ಸುತ್ತ ನೋಡಲು ಹೇಳುತ್ತಿದ್ದರು. ಹಗ್ಗದ ಮೇಲೆ ಸಂತೆ, ಕೆಳಗೆ ಅಲ್ಲೊಬ್ಬ ಇಲ್ಲೊಬ್ಬ. "ನೋಡ್ರಿ, ಭೂಮಿನೂ ಅಣ್ಣತಮ್ಮರ ಪಾಲಿನಂಗ ಅದ. ಒಬ್ಬಗ ಹೊಲ ಹೋತು, ಒಬ್ಬಗ ಬರೇ ನೀರ ಉಳೀತು."

ಅಕ್ಕೋರ ನಿವೃತ್ತಿಗೆ ಎರಡು ವರ್ಷ ಮುಂಚೆ ಹತ್ತನೆಯ ತರಗತಿಯಲ್ಲಿ ಆಫ್ರೀನ ಎಂಬ ಹುಡುಗಿ ಇದ್ದಳು. ಹೆಸರಿನ ಉಚ್ಚಾರಕ್ಕೆ ಸರಿಯಾಗಿ ಅಕ್ಕೋರು ಅವಳನ್ನು ಆಫ್ರಿಕಾ ಮಾಡಿದರು. ಹಗ್ಗ ನಡುವೆ ಬರುವ ಹಾಗೆ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಇಟ್ಟು ಅವಳು ನಗುತ್ತ ನಿಂತಳು. ಅಂದಿನಿಂದ ಹುಡುಗಿಯರೆಲ್ಲ ಅವಳನ್ನು ಆಫ್ರಿಕಾ ಎಂದೇ ಕರೆದರು.

ಚಳಿಗಾಲದಲ್ಲಿ ನಮ್ಮ ಭಾಗದ ಜೋಳದ ಹೊಲಗಳಿಗೆ ಹಳದಿ ಹಕ್ಕಿಗಳು ಬರುತ್ತವೆ. ಗುಬ್ಬಿಗಿಂತ ತುಸು ದೊಡ್ಡವು. ಗಂಡಿಗೆ ತಲೆ ಕಪ್ಪು, ಹೊಟ್ಟೆ ಅರಿಷಿಣ. ಒಂದೆರಡಲ್ಲ, ತೆರೆ ಬಂದಂತೆ ಹಿಂಡು ಹಿಂಡಾಗಿ ಬಂದು ಹಾಲುಗಾಳಿನ ತೆನೆಯ ಮೇಲೆ ಕೂರುತ್ತವೆ. ಗೀಜಗವನ್ನೂ ಇವನ್ನೂ ಸೇರಿಸಿ ಊರವರು ಎಲ್ಲಕ್ಕೂ ಹಳದಿ ಹಕ್ಕಿ ಎಂದೇ ಹೇಳುತ್ತಾರೆ. ಇವು ಎಲ್ಲಿಂದ ಬರುತ್ತವೆ ಎಂದು ಒಬ್ಬ ಹುಡುಗ ಕೇಳಿದಾಗ ಅಕ್ಕೋರು, "ನನಗ ಗೊತ್ತಿಲ್ಲ, ಕೇಳಿ ಹೇಳ್ತೀನಿ," ಅಂದರು. ಮೊಬೈಲಿನಲ್ಲಿ ಫೋಟೋ ತೆಗೆದು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿಗೆ ಕಳಿಸಿದರು. ಮರುದಿನ ಗ್ಲೋಬ್ ಹಿಡಿದು ಬಂದವರ ಮುಖದಲ್ಲಿ ಸಂಭ್ರಮ. ಗೀಜಗ ಇಲ್ಲಿಯದೇ. ಆದರೆ ಈ ಕಪ್ಪು ತಲೆಯವು ಇರಾನ್, ತುರ್ಕಸ್ತಾನ, ಅದರಾಚೆ ಯುರೋಪಿನ ಅಂಚಿನಿಂದ ಬರುವವು.

"ಹಂಗಾರ ಹಗ್ಗ ದಾಟಿ ಕೆಳಗ ಹೋಗೂದಿಲ್ಲೇನ್ರಿ ಅಕ್ಕೋರ?" ಎಂದು ಆ ಹುಡುಗ ಕೇಳಿದ.

"ದಾಟಿ ಏನ ತಿನ್ನಬೇಕು? ನಮ್ಮ ಕೆಳಗ ನೀರು. ಸಣ್ಣಪುಟ್ಟ ನಡುಗಡ್ಡಿ ಬಿಟ್ರ ಅಂಟಾರ್ಕ್ಟಿಕಾದ ತನಕಾ ನೀರು. ಅವಕ್ಕ ನಮ್ಮ ಜೋಳದ ಹೊಲನ ಕಡೀ ನಿಲ್ದಾಣ."

"ನಮ್ಮ ಹೊಲಕ್ಕ ಭಾಳ ಬರ್ತಾವ್ರಿ," ಅಂದಳು ಆಫ್ರೀನ.

ಶನಿವಾರ ಮುಂಜಾನೆಯ ಶಾಲೆ. ಅಕ್ಕೋರು ಇಡೀ ತರಗತಿಯನ್ನು ಆಫ್ರೀನಳ ಹೊಲಕ್ಕೆ ಹೊರಡಿಸಿದರು. ಜೊತೆಗೆ ಒಬ್ಬರಿರಲಿ ಎಂದು ನನ್ನನ್ನೂ ಕರೆದರು. ಹೊಲ ಹತ್ತಿರವಾದಂತೆ ಆಫ್ರೀನ ಹಿಂದುಳಿದಳು. ನನಗೆ ಕಾರಣ ತಿಳಿಯಲಿಲ್ಲ.

ಬದುವಿನ ಉದ್ದಕ್ಕೂ ಗೂಟ ನೆಟ್ಟು ಮೀನಿನ ಬಲೆ ಕಟ್ಟಿದ್ದರು. ಹಳೆಯ, ತೆಳು ನೂಲಿನ ಬಲೆ. ಅದರ ತುಂಬ ಹಳದಿ ಹಕ್ಕಿಗಳು ಸಿಕ್ಕಿಕೊಂಡಿದ್ದವು. ಕೆಲವು ರೆಕ್ಕೆ ಬಡಿಯುತ್ತಿದ್ದವು, ಕೆಲವು ಬಾಯಿ ತೆರೆದುಕೊಂಡು ತೂಗುತ್ತಿದ್ದವು, ಕೆಲವು ಸತ್ತಿದ್ದವು. ಅಕ್ಕೋರು ಚೀಲದಿಂದ ಚಾರ್ಟ್ ಕತ್ತರಿಸುವ ಕತ್ತರಿ ತೆಗೆದು ಮೊದಲ ಹಕ್ಕಿಯ ಸುತ್ತ ನೂಲು ಕತ್ತರಿಸಿದರು. ಆಮೇಲೆ ನಿಲ್ಲಲೇ ಇಲ್ಲ. ಮಕ್ಕಳು ಹಕ್ಕಿ ಹಿಡಿದುಕೊಳ್ಳಬೇಕು, ಅವರು ಕತ್ತರಿಸಬೇಕು. ಆಫ್ರೀನಳೂ ಹಿಡಿದುಕೊಂಡಳು. ಮತ್ತೆ ಮತ್ತೆ ಊರಿನ ಹಾದಿಯ ಕಡೆ ನೋಡುತ್ತಿದ್ದಳು. ಮನೆಗೆ ಹೋಗುವ ಅವಸರ ಇರಬೇಕು ಎಂದುಕೊಂಡೆ. ಬಲೆಯಲ್ಲಿ ಹಕ್ಕಿಗಳು ಮುಗಿದ ಮೇಲೂ ಅಕ್ಕೋರ ಸಿಟ್ಟು ಇಳಿಯಲಿಲ್ಲ. ಬಲೆಯನ್ನು ಗೂಟದಿಂದ ಗೂಟಕ್ಕೆ ಸೀಳುತ್ತ ಹೋಗಿ ಹೊಲದ ಮೂಲೆಯಲ್ಲಿ ಮುದ್ದೆ ಮಾಡಿ ಒಗೆದರು.

ಸೋಮವಾರ ಆಫ್ರೀನ ಬರಲಿಲ್ಲ. ಅವಳ ತಂದೆ ಬಂದರು. ದಾವಲಸಾಬ ಎಂದು ಹೆಸರು. ಗಟ್ಟಿ ಆಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು.

"ಕೂಡ್ರಿ ದಾವಲಸಾಬ," ಅಂದರು ಅಕ್ಕೋರು. ಗದರಿಸುವುದಕ್ಕೆ ಸಿದ್ಧರಾಗಿಯೇ ಇದ್ದರು.

"ಕುಂದ್ರಾಕ ಬಂದಿಲ್ರಿ. ನಿಮಗ ಹಕ್ಕಿ ಕಂಡವು, ಬಿಡಿಸಿದ್ರಿ. ಛಲೋ ಆತು. ಆ ಬಲಿ ನಾ ಹಕ್ಕಿ ಕೊಲ್ಲಾಕ ಹಾಕಿದ್ದಿಲ್ರಿ. ಮಗಳು ಸಾಲಿಗೆ ಬರಲಿ ಅಂತ ಹಾಕಿದ್ದೆ."

ಅಕ್ಕೋರು ಅವರ ಮುಖ ನೋಡಿದರು.

"ಹೋದ ವರ್ಷ ಒಂಬತ್ತನೇದಾಗ ದೀಪಾವಳಿ ಆದಮ್ಯಾಲ ಆಕಿ ಸಾಲಿಗೆ ಎಷ್ಟ ಬಂದಾಳ, ನಿಮಗ ಗೊತ್ತಿರಬೇಕಲ್ರಿ. ದಿನಾ ಹೊಲದಾಗಿನ ಅಟ್ಟದ ಮ್ಯಾಲ ಕುಂತು ಹಕ್ಕಿ ಕಾಯ್ತಿದ್ಲು. ನನ್ನ ಹೆಣತಿಗೆ ಸೊಂಟ ಹಿಡದೈತಿ, ಅಟ್ಟ ಏರಾಕ ಆಗೂದಿಲ್ಲ. ಮಗ ಸವದತ್ತ್ಯಾಗ ಟೆಂಪೋ ಹೊಡೀತಾನ. ನಾ ನೀರ ಹಾಯಸಲ್ಯೋ, ಹಕ್ಕಿ ಕಾಯಲ್ಯೋ? ಈ ವರ್ಷ ಎಸ್ಸೆಸ್ಸೆಲ್ಸಿ ಐತಿ, ಹುಡುಗಿ ಓದತಾಳ ಅಂತ ಮುನವಳ್ಳಿ ತನಕಾ ಹೋಗಿ ಮೀನ ಹಿಡಿಯೋರ ಕಡಿಂದ ಬಲಿ ತಂದೆ. ಈಗ ಬಲಿ ಇಲ್ಲ. ಇನ್ನ ಆಕಿ ಬರಂಗಿಲ್ಲ."

"ನನಗ ಗೊತ್ತಿರಲಿಲ್ಲ, ದಾವಲಸಾಬ."

"ಕೇಳಿದ್ರ ಗೊತ್ತಾಗತಿತ್ರಿ," ಅಂದು ಅವರು ಹೊರಟುಹೋದರು. ದನಿ ಏರಿಸಲಿಲ್ಲ.

ಪಿ.ಟಿ. ಮಾಸ್ತರರು ಅಲ್ಲೇ ಇದ್ದರು. "ಅಕ್ಕೋರ, ನೀವ್ಯಾಕ ಅಂಜತೀರಿ? ಹಕ್ಕಿ ಹಿಡಿಯೋದು ಗುನ್ಹೆ. ಫಾರೆಸ್ಟಿನವರಿಗೆ ಒಂದ ಅರ್ಜಿ ಕೊಡ್ರಿ, ತಾನ ದಾರಿಗೆ ಬರತಾನ," ಅಂದರು.

"ಅರ್ಜಿ ಕೊಟ್ರ ಹುಡುಗಿ ಸಾಲಿಗೆ ಬರ್ತಾಳೇನು?" ಎಂದು ಅಕ್ಕೋರು ಕೇಳಿದರು. ಆ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ. ನಾಲ್ಕನೆಯ ಅವಧಿಯಲ್ಲಿ ಪಾಠ ಮಾಡಿ ಬಂದು, "ಹಿಂದಿ, ಬೈಲಹೊಂಗಲದಿಂದ ಮೊದಲನೇ ಬಸ್ ಎಷ್ಟಕ್ಕ ಬಿಡ್ತದ?" ಎಂದು ಕೇಳಿದರು.

ಮರುದಿನ ಬೆಳಕು ಹರಿಯುವಾಗ ಅವರು ದಾವಲಸಾಬರ ಹೊಲದಲ್ಲಿದ್ದರು. ಹಕ್ಕಿಗಳು ಹೆಚ್ಚಾಗಿ ಬೀಳುವುದು ಮುಂಜಾನೆ ಮತ್ತು ಸಂಜೆ. ಮುಂಜಾನೆ ಶಾಲೆಯ ಗಂಟೆಯವರೆಗೆ ನಾನು ಕಾಯುತ್ತೇನೆ, ನಡುಹಗಲು ನೀವು ನೋಡಿಕೊಳ್ಳಿ, ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿ ಬರಲಿ ಎಂಬುದು ಅವರ ಲೆಕ್ಕ. ದಾವಲಸಾಬ ಒಪ್ಪಲಿಲ್ಲ.

"ನೀವು ಭಟ್ಟರ ಮಗಳು, ಸರ್ಕಾರಿ ನೌಕರಿಯವರು. ಅಟ್ಟ ಏರಿ ಡಬ್ಬಿ ಬಡೀತೀರೇನ್ರಿ? ಊರ ಮಂದಿ ನನ್ನ ಮುಖಕ್ಕ ಉಗಳತಾರ."

"ಉಗುಳಿದ್ರ ನನ್ನ ಕಡೆ ಕಳಸ್ರಿ. ಬಲಿ ಹರದಾಕಿ ನಾನು."

ಅವರು ಸೀರೆ ಎತ್ತಿ ಕಟ್ಟಿ ಅಟ್ಟ ಏರಿಯೇಬಿಟ್ಟರು. ದಾವಲಸಾಬ ನೋಡುವಷ್ಟು ನೋಡಿ ನೀರು ಹಾಯಿಸಲು ಹೋದರು. ಆದರೆ ಆಫ್ರೀನಳನ್ನು ಶಾಲೆಗೆ ಕಳಿಸಲಿಲ್ಲ. ಅಕ್ಕೋರು ಏನೂ ಕೇಳದೆ ಗಂಟೆಯ ಹೊತ್ತಿಗೆ ಶಾಲೆಗೆ ಬಂದರು. ಮರುದಿನ ಮತ್ತೆ ಹೋದರು. ಹೀಗೆ ಕೆಲವು ದಿನ ನಡೆಯಿತು. ಅಟ್ಟದ ಮೇಲೆ ಅಕ್ಕೋರು, ಅಡಿಗೆಮನೆಯಲ್ಲಿ ಹುಡುಗಿ.

ಗಂಟು ಬಿಡಿಸಿದವರು ಆಫ್ರೀನಳ ತಾಯಿ ಹುಸೇನಬಿ. ಒಂದು ಮುಂಜಾನೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೊಲದವರೆಗೂ ನಡೆದು ಬಂದು ಗಂಡನನ್ನು ಬದುವಿನ ಮೇಲೆ ನಿಲ್ಲಿಸಿ ಕೇಳಿದರಂತೆ: "ಕಲಿಸಾಕಿ ಹೊಲದಾಗ, ಕಲಿಯಾಕಿ ಮನ್ಯಾಗ. ಇದ್ಯಾವ ಊರ ನ್ಯಾಯ? ಅವರು ತಪ್ಪ ಮಾಡಿದ್ರು, ಬಂದು ತೀರಿಸಾಕ ಹತ್ಯಾರ. ನೀ ಏನ ಮಾಡಾಕ ಹತ್ತೀ?" ಆ ದಿನ ಆಫ್ರೀನ ಶಾಲೆಗೆ ಬಂದಳು. ನಾನು ಹಾಜರಿ ಕರೆಯುತ್ತಿದ್ದೆ. ಅವಳು ಎದ್ದು ನಿಂತಾಗ ಹುಡುಗಿಯರು "ಆಫ್ರಿಕಾ ಬಂತು" ಎಂದು ಪಿಸುಗುಟ್ಟಿದರು.

ಹಕ್ಕಿ ಕಾಯುವುದು ಅಕ್ಕೋರಿಗೆ ಬರುತ್ತಿರಲಿಲ್ಲ ಎಂಬುದನ್ನು ಹೇಳಲೇಬೇಕು. ಒಂದು ರವಿವಾರ ನಾನೂ ಹೋಗಿದ್ದೆ. ಅವರು ಕವಣೆ ಬೀಸಿದರೆ ಕಲ್ಲು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹಾರಿ, ಮರದ ಕೆಳಗೆ ಮಲಗಿದ್ದ ಎಮ್ಮೆಗೆ ಬಿತ್ತು. ಎಮ್ಮೆ ಎದ್ದು ನಿಂತು ಅವರನ್ನೇ ನೋಡಿತು. ಕೂಗಿದರೆ ಹಕ್ಕಿಗಳು ಕತ್ತು ಎತ್ತಿ ಕೇಳಿ ಮತ್ತೆ ತಿನ್ನುತ್ತಿದ್ದವು. ದಾವಲಸಾಬ ಕೆಳಗೆ ನಿಂತು, "ಅಕ್ಕೋರ, ಅದು ಪಾಠ ಅಲ್ರಿ. ಗಂಟಲದಿಂದ ಬ್ಯಾಡ, ಹೊಟ್ಟಿಲೆ ಒದರ್ರಿ," ಎಂದು ಹೇಳಿಕೊಟ್ಟರು. ಅಕ್ಕೋರು ಕಣ್ಣು ಮುಚ್ಚಿ ಹೊಟ್ಟೆಯಿಂದ ಒದರಿದರು. ಹಿಂಡು ಎದ್ದಿತು. ಇಡೀ ಹೊಲದ ಮೇಲೆ ಅರಿಷಿಣ ಎರಚಿದಂತಾಯಿತು. ಅಕ್ಕೋರು ನನ್ನ ಕಡೆ ತಿರುಗಿ, "ಬಿಡಿಸಿದಾಕಿನೂ ನಾನ, ಓಡಸಾಕಿನೂ ನಾನ. ನೋಡ ಹಿಂದಿ," ಅಂದರು.

ಕೂಗಿ ಕೂಗಿ ಅವರ ಧ್ವನಿ ಕೆಟ್ಟುಹೋಯಿತು. ಶಾಲೆಯಲ್ಲಿ ಪಿಸುದನಿಯಲ್ಲಿ ಪಾಠ ಮಾಡುತ್ತಿದ್ದರು. ಎಂದೂ ಸುಮ್ಮನಿರದ ಹತ್ತನೆಯ ತರಗತಿ ಅವರ ಮಾತು ಕೇಳಿಸಲಿ ಎಂದು ಉಸಿರು ಬಿಗಿಹಿಡಿದು ಕೂರುತ್ತಿತ್ತು. ಧ್ವನಿ ಯಾಕೆ ಕೆಟ್ಟಿದೆ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿತ್ತು.

ಅದೇ ರವಿವಾರ ಬಿಸಿಲೇರಿದ ಮೇಲೆ ಮೂವರೂ ಬದುವಿನ ಮೇಲೆ ಕುಳಿತು ರೊಟ್ಟಿ ತಿಂದೆವು. ದಾವಲಸಾಬ ಕೇಳಿದರು: "ಇವು ಯಾವ ದೇಶದವು ಅಂದಿದ್ರಿ?"

"ಇರಾನ್, ತುರ್ಕಸ್ತಾನದ ಕಡೆಯವು."

"ನಮ್ಮ ಅಣ್ಣ ಹಜ್‌ಗೆ ಹೋಗಿದ್ದ. ಇಂಥಾವು ಕಂಡಿದ್ವು ಅಂತ ಹೇಳಲಿಲ್ಲ."

"ಅದಕ್ಕಿಂತ ಉತ್ತರಕ್ಕ, ದಾವಲಸಾಬ. ಅಲ್ಲಿ ಈಗ ಥಂಡಿ. ಹಿಮ ಬಿದ್ದಿರತದ. ಕಾಳು ಸಿಗೂದಿಲ್ಲ."

"ಹಂಗಾರ ಹೊಟ್ಟಿಪಾಡಿಗೆ ಬಂದಾವು."

"ಹೂಂ."

ದಾವಲಸಾಬ ರೊಟ್ಟಿಯ ಇನ್ನೊಂದು ತುಂಡು ಮುರಿದರು. "ಬರಲಿ. ಬ್ಯಾಡ ಅನ್ನಾಕ ನಾವ್ಯಾರು? ಆದ್ರ ಅಷ್ಟೂ ಭೂಮಿ ಬಿಟ್ಟು ನನ್ನ ಹೊಲನ ಯಾಕ ಬೇಕಿತ್ರಿ?" ಅಕ್ಕೋರು ಚಟ್ನಿಯ ಡಬ್ಬಿಯನ್ನು ಅವರ ಕಡೆ ಸರಿಸಿದರು.

ಸುಗ್ಗಿಯಾಯಿತು. ಬದುವಿನ ಕಡೆಯ ಸಾಲುಗಳಲ್ಲಿ ತೆನೆಗಳು ಬರೀ ಕಡ್ಡಿಯಾಗಿದ್ದವು. ಉಳಿದದ್ದು ಕೈಗೆ ಬಂತು. ಆಫ್ರೀನ ಪರೀಕ್ಷೆ ಬರೆದಳು. ಗಣಿತದಲ್ಲಿ ಹೋಯಿತು. ಹೋದದ್ದಕ್ಕೆ ತಾನೇ ಕಾರಣ ಎಂದು ಅಕ್ಕೋರು ಹೇಳಿದಾಗ ಗಣಿತದ ಮಾಸ್ತರರು, "ನೀವು ಹಕ್ಕಿ ಕಾಯದಿದ್ರ ಆರೂ ವಿಷಯ ಹೋಗತಿದ್ವು ಬಿಡ್ರಿ," ಅಂದರು. ಬೇಸಿಗೆಯಲ್ಲಿ ಕುಳಿತು ಓದಿ ಎರಡನೆಯ ಸಲ ಬರೆದು ಪಾಸಾದಳು. ಈಗ ಬೈಲಹೊಂಗಲದಲ್ಲಿ ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ.

ಮರುವರ್ಷ ಚಳಿ ಬಿದ್ದಾಗ ಅಕ್ಕೋರು ಯಾರಿಗೂ ಹೇಳದೆ ಆ ಹೊಲಕ್ಕೆ ಹೋದರು. ಮತ್ತೆ ಬಲೆ ಬಿದ್ದಿದೆಯೋ ಏನೋ ಎಂಬ ಅಂಜಿಕೆ. ಬಲೆ ಇರಲಿಲ್ಲ. ಅಟ್ಟವೂ ಇರಲಿಲ್ಲ. ಜೋಳವೂ ಇರಲಿಲ್ಲ. ಹೊಲದ ತುಂಬ ಕಡಲೆ. ದಾವಲಸಾಬ ನಗುತ್ತ ಎದುರು ಬಂದರು.

"ಕಡ್ಲಿ ಹಾಕೇನ್ರಿ. ಹಕ್ಕಿ ಮೂಸಿ ನೋಡಂಗಿಲ್ಲ. ಬಲಿ ಬ್ಯಾಡ, ಹುಡುಗಿ ಬ್ಯಾಡ, ನೀವೂ ಬ್ಯಾಡ."

"ಛಲೋ ಮಾಡಿದ್ರಿ," ಅಂದರು ಅಕ್ಕೋರು.

"ಏನ ಛಲೋ? ಹಕ್ಕಿ ಹ್ವಾದ್ವು, ಕೀಡಿ ಬಂದ್ವು. ಕೀಡಿ ಕಾಯಾಕ ಬರ್ತೀರೇನ್ರಿ?"

ಇದನ್ನು ನನಗೆ ಬಸ್ಸಿನಲ್ಲಿ ಹೇಳುವಾಗ ಅಕ್ಕೋರು ನಕ್ಕರು. ಆಮೇಲೆ ಕಿಟಕಿಯಿಂದ ಹೊಲಗಳನ್ನು ನೋಡತೊಡಗಿದರು. ಊರು ದಾಟಿ ಬಹಳ ಹೊತ್ತಾದ ಮೇಲೆ, "ಹಿಂದಿ, ಆ ಸುತ್ತಿನೊಳಗ ಮೂರ್ನಾಲ್ಕ ಹೊಲ ಕಡ್ಲಿ ಆಗ್ಯಾವ. ಎಲ್ಲಾರೂ ಅದನ್ನ ಮಾಡಿದ್ರ ಅವು ಎಲ್ಲಿಗೆ ಹೋಗಬೇಕು? ಕೆಳಗ ಹೋಗಾಕ ನೆಲ ಇಲ್ಲ," ಅಂದರು. ಹುಡುಗಿ ಶಾಲೆಗೆ ಬಂದದ್ದು ಸರಿ, ದಾವಲಸಾಬರು ಕಡಲೆ ಹಾಕಿದ್ದೂ ಸರಿ. ತಪ್ಪು ಎಲ್ಲಿದೆ ಎಂದು ಹುಡುಕಿದರೆ ಯಾರ ಕೈಯಲ್ಲೂ ಸಿಗುತ್ತಿರಲಿಲ್ಲ. ಅಕ್ಕೋರಂಥ ಸಿಟ್ಟಿನ ಹೆಂಗಸಿಗೆ ಅದು ಬಹಳ ಕಷ್ಟದ ಸಂಗತಿ.

ಕಡಲೆಯ ವರ್ಷ ಆ ಮನೆಯವರು ರೊಟ್ಟಿಗೆ ಜೋಳ ಕೊಂಡು ತಂದರು. ಹುಸೇನಬಿಗೆ ಅದು ಸರಿಬರಲಿಲ್ಲ. ಕೊಂಡ ಜೋಳದ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಬಡಿಯುವಾಗ ಹರಿಯುತ್ತದೆ, ತಿಂದರೆ ಬಾಯಿಗೆ ಹತ್ತುವುದಿಲ್ಲ ಎಂದು ವರ್ಷವಿಡೀ ಗಂಡನ ತಲೆ ತಿಂದರು. ಅದರ ಮರುವರ್ಷ, ಅಂದರೆ ಅಕ್ಕೋರು ನಿವೃತ್ತರಾದ ಈ ವರ್ಷ, ದಾವಲಸಾಬರು ಕಡಲೆಯ ಅಂಚಿಗೆ ಮನೆಯ ಮಟ್ಟಿಗೆಂದು ಒಂದು ಪಟ್ಟಿ ಜೋಳ ಬಿತ್ತಿದ್ದರು.

ಬೀಳ್ಕೊಡುಗೆಯ ದಿನ ಸಭೆ ಬೇಗ ಮುಗಿಯಿತು. ಹೆಡ್ ಮಾಸ್ತರರು ಶಾಲು ಹೊದಿಸಿದರು. ಗ್ಲೋಬನ್ನು ಶಾಲೆಗೆ ಒಪ್ಪಿಸುವಾಗ ಅಕ್ಕೋರು, "ಕಪಾಟಕ್ಕ ಮೊದಲ ಬೀಗಾ ಹಾಕಸ್ರಿ," ಅಂದರು. ಅಳಲಿಲ್ಲ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, "ಬಸ್ಸಿಗೆ ಇನ್ನೂ ಹೊತ್ತದ. ನಡಿ," ಎಂದು ಹೊಲದ ದಾರಿ ಹಿಡಿದರು.

ಸಭೆಗೆ ಉಟ್ಟ ಬಿಳಿ ಬಟ್ಟೆಯಲ್ಲೇ ದಾವಲಸಾಬರು ನಮಗಿಂತ ಮೊದಲೇ ಬಂದು ಬದುವಿನ ಮೇಲೆ ಕುಳಿತಿದ್ದರು. ಹಕ್ಕಿ ಕಾಯಲು ಬಂದವರು. ಪಕ್ಕದಲ್ಲಿ ಡಬ್ಬಿ ಇತ್ತು, ಕೋಲಿತ್ತು. ಎದುರಿಗೆ ಜೋಳದ ಪಟ್ಟಿಯ ಮೇಲೆ ತೆನೆಗೊಂದರಂತೆ ಹಳದಿ ಹಕ್ಕಿಗಳು ಕುಳಿತು ತಿನ್ನುತ್ತಿದ್ದವು. ಅವರು ನಮ್ಮನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು. ಅಕ್ಕೋರು ಕುಳಿತರು, ನಾನೂ ಕುಳಿತೆ. ತೆನೆಗಳು ಹಕ್ಕಿಯ ಭಾರಕ್ಕೆ ಬಾಗಿ ಮತ್ತೆ ಏಳುತ್ತಿದ್ದವು. ದಾವಲಸಾಬರ ಕೈ ಒಮ್ಮೆ ಕೋಲಿನ ಕಡೆ ಹೋಯಿತು. ಅಕ್ಕೋರ ಕಡೆ ನೋಡಿ ಅದನ್ನು ಹಿಂದಕ್ಕೆ ತಂದು ತೊಡೆಯ ಮೇಲೆ ಇಟ್ಟುಕೊಂಡರು.

ಅಷ್ಟರಲ್ಲಿ ಹಾದಿಯ ಕಡೆಯಿಂದ ಹುಸೇನಬಿ ಬಂದರು. ಒಮ್ಮೆ ನಮ್ಮನ್ನು, ಒಮ್ಮೆ ಜೋಳವನ್ನು ನೋಡಿದರು.

"ಆಹಾ! ಕಾಯಾಕ ಮೂರ ಮಂದಿ ಕುಂತಾರ, ತಿನ್ನಾಕ ಮುನ್ನೂರ ಹಕ್ಕಿ ಕುಂತಾವ. ನಾಳಿಗೆ ರೊಟ್ಟಿ ನಿಮ್ಮ ಮಾರಿ ನೋಡಿ ಬಡೀಲ್ಯಾ?"

ಸೊಂಟದ ನೋವನ್ನೂ ಲೆಕ್ಕಿಸದೆ ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ಒಗೆದು ಹೊಟ್ಟೆಯಿಂದ ಒಂದು ಕೂಗು ಕೂಗಿದರು. ಹಿಂಡು ಒಮ್ಮೆಲೇ ಎದ್ದಿತು. ಕಡಲೆಯ ಮೇಲೆ ಒಂದು ಸುತ್ತು ತಿರುಗಿ, ರಸ್ತೆ ದಾಟಿ, ಸಂಪಗಾಂವದ ಕಡೆಯ ಹೊಲಗಳತ್ತ ಹೋಯಿತು. ಅಕ್ಕೋರು ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅವು ಕಾಣದಾಗುವವರೆಗೂ ನೋಡಿದರು. ಆಮೇಲೆ ಸೆರಗಿನ ಮಣ್ಣು ಝಾಡಿಸಿಕೊಳ್ಳುತ್ತ ದಾವಲಸಾಬರಿಗೆ ಹೇಳಿದರು:

"ಧ್ವನಿ ಅಂದ್ರ ಹಿಂಗಿರಬೇಕು ನೋಡ್ರಿ."